ಬಿದ್ದ ಮರಕ್ಕೆ ಹೊಣೆ ಯಾರು?



ಈ ಮಹಾನಗರದಲ್ಲಿ ಸಾಲುಮರಗಳಿಗೆ ಒಡೆಯರು ಬೇಕಾದಷ್ಟು ಮಂದಿ ಇದ್ದಾರೆ. ಸಸಿ ನೆಟ್ಟಾಗ ಫೋಟೋ ಹಿಡಿಸಿಕೊಳ್ಳುವುದಕ್ಕೆ ಒಬ್ಬರು, ಕೊಂಬೆ ತಂತಿಗೆ ತಾಗಿದಾಗ ಕತ್ತರಿಸುವುದಕ್ಕೆ ಇನ್ನೊಬ್ಬರು, ಬುಡದಲ್ಲಿ ಚರಂಡಿ ತೋಡುವುದಕ್ಕೆ ಮತ್ತೊಬ್ಬರು, ಕಾಂಡಕ್ಕೆ ಮೊಳೆ ಹೊಡೆದು ಜಾಹೀರಾತಿನ ಹಲಗೆ ತೂಗಹಾಕುವುದಕ್ಕೆ ಮಗುದೊಬ್ಬರು. ಆದರೆ ಅದೇ ಮರ ಒಂದು ದಿನ ಬುಡಸಹಿತ ಉರುಳಿ ದಾರಿಹೋಕನ ತಲೆಯ ಮೇಲೆ ಬಿದ್ದಿತೆನ್ನಿ. ಆ ಕ್ಷಣದಿಂದ ಅದಕ್ಕೆ ವಾರಸುದಾರರೇ ಇಲ್ಲ. "ಗಾಳಿ ಬೀಸಿತು, ಮರ ಬಿದ್ದಿತು, ವಿಧಿ ಹಾಗಿತ್ತು" ಎಂಬ ಮೂರು ಮಾತಿನಲ್ಲಿ ಫೈಲು ಮುಚ್ಚಿಹೋಗುತ್ತದೆ. ಸತ್ತವನ ಮನೆಗೆ ಒಂದಿಷ್ಟು ಪರಿಹಾರಧನ, ಒಂದು ಸಂತಾಪ, ಅಲ್ಲಿಗೆ ಮುಗಿಯಿತು.

ಈ ಮೂರು ಮಾತುಗಳನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ, ಅದರ ಬದಲು ಏನಾಗತಕ್ಕದ್ದು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರೆಹ.

ಕೂಲಿ, ಬೋನಸ್ಸು, ಕೆಲಸದ ಭದ್ರತೆ ಇವುಗಳ ನಡುವೆ ಮರದ ಮಾತೇಕೆ ಎಂದು ಕೆಲವರು ಕೇಳಿಯಾರು. ಕೇಳುವವರು ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ ಈ ಊರಿನ ಬೀದಿಗಳಲ್ಲಿ ನಡೆದು ನೋಡಲಿ. ಮರದ ಕೆಳಗೆ ನಿಂತಿರುವವರು ಯಾರು? ಆಟೋ ಸ್ಟ್ಯಾಂಡಿನ ಚಾಲಕ, ಇಸ್ತ್ರಿ ಬಂಡಿಯವನು, ಹೂ ಕಟ್ಟುವ ತಾಯಿ, ಚಪ್ಪಲಿ ಹೊಲಿಯುವವನು, ಎಳನೀರು ಮಾರುವವನು, ಚಹದ ಗಾಡಿಯ ಹುಡುಗ. ತಂಪು ಯಂತ್ರವಿಟ್ಟ ಕಚೇರಿಯಲ್ಲಿ ಕೂತವನಿಗೆ ಮರವೆಂದರೆ ಕಿಟಕಿಯಾಚೆಗಿನ ಒಂದು ಚಿತ್ರ. ಬೀದಿಯಲ್ಲಿ ದುಡಿಯುವವನಿಗೆ ಅದೇ ಛಾವಣಿ, ಅದೇ ಅಂಗಡಿ. ಕಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲನ್ನು ನೆನೆಯಿರಿ. 1962ರಿಂದ 2008ರವರೆಗೆ ದಕ್ಷಿಣ ಕನ್ನಡದ ನಮ್ಮ ಎಷ್ಟು ಮಂದಿ ಹುಡುಗರು ಆ ದೊಡ್ಡ ಮರಗಳ ನೆರಳಿನಲ್ಲಿ ತಟ್ಟೆ ಹೊತ್ತು ಬದುಕು ಕಟ್ಟಿಕೊಂಡರು! ಮರದ ನೆರಳು ನಮ್ಮವರಿಗೆ ಅನ್ನ ಕೊಟ್ಟಿದೆ. ಆದ್ದರಿಂದ ಮರ ಉಳಿಯಬೇಕೆಂಬ ಹಟವೂ ನಮ್ಮದೇ. ಅದು ಬಿದ್ದರೆ ಮೊದಲು ಸಾಯುವವರು ನಾವೇ ಆದದ್ದರಿಂದ, ಬೀಳದಂತೆ ನೋಡಿಕೊಳ್ಳಿ ಎಂದು ಕೇಳುವ ಹಕ್ಕೂ ನಮ್ಮದೇ.

2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಈ ಊರಿಗೆ ಬಡಿದದ್ದನ್ನು ಯಾರೂ ಮರೆತಿಲ್ಲ. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ಆ ಗಾಳಿಗೆ ಸಾವಿರಾರು ಮರಗಳು ಒಂದೇ ಹಗಲಿನಲ್ಲಿ ನೆಲಕಚ್ಚಿದುವು. ಅಂಥ ದಿನದಲ್ಲಿ ಬಿದ್ದ ಪ್ರತಿಯೊಂದು ಮರಕ್ಕೂ ಒಬ್ಬ ಅಧಿಕಾರಿಯನ್ನು ಕಟಕಟೆಗೆ ಎಳೆಯಬೇಕೆಂದು ನಾವು ಹೇಳುವುದಿಲ್ಲ. ಅಷ್ಟು ಅವಿವೇಕ ನಮಗಿಲ್ಲ. ಆದರೆ 2022ರ ಜೂನ್ 24ರಂದು ಚಂಡಮಾರುತವೇನೂ ಇರಲಿಲ್ಲ. ಸಾಮಾನ್ಯವಾದ ಒಂದು ಸಂಜೆಮಳೆ. ಕೆ.ಕೆ. ನಗರದಲ್ಲಿ ರಸ್ತೆಬದಿಯ ದೊಡ್ಡ ಮರವೊಂದು ಹೋಗುತ್ತಿದ್ದ ಕಾರಿನ ಮೇಲೆ ಉರುಳಿ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಮಳೆನೀರಿನ ಚರಂಡಿಗಾಗಿ ಅಗೆದದ್ದೇ ಕಾರಣವೆಂದು ಸ್ಥಳದವರು ಹೇಳಿದರು. ಆ ಕೆಲಸಕ್ಕೂ ಮರ ಬಿದ್ದದ್ದಕ್ಕೂ ಸಂಬಂಧವಿಲ್ಲವೆಂದು ಕಾರ್ಪೊರೇಷನ್ ಹೇಳಿತು.

ಯಾರ ಮಾತು ನಿಜ? ಇಲ್ಲಿ ನಾವು ತೀರ್ಪು ಕೊಡಹೊರಟಿಲ್ಲ. ನಾವು ಕೇಳುವ ಪ್ರಶ್ನೆಯೇ ಬೇರೆ. ಗುದ್ದಲಿ ನೆಲಕ್ಕೆ ಬೀಳುವ ಮುನ್ನ ಆ ಸಾಲಿನ ಮರಗಳನ್ನು ನೋಡಿ, "ಇಂಥ ಮರದ ಬೇರು ಇಷ್ಟು ದೂರ ಹರಡಿದೆ, ಇಲ್ಲಿಂದ ಇಷ್ಟು ಅಡಿ ಬಿಟ್ಟು ತೋಡಬೇಕು" ಎಂದು ಬರೆದು, ಹೆಸರು ತಾರೀಖು ಹಾಕಿ, ಕೆಳಗೆ ಸಹಿ ಮಾಡಿದ ಒಂದು ಕಾಗದ ಪ್ರತಿಯೊಂದು ರಸ್ತೆಗೂ ಇರತಕ್ಕದ್ದೊ ಇಲ್ಲವೊ? ಅಂಥ ಕಾಗದ ಎಲ್ಲರ ಕಣ್ಣಿಗೆ ಬೀಳುವಂತಿದ್ದರೆ, ಸತ್ತ ಮೇಲೆ ಜಗಳವಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಕಾಗದವಿಲ್ಲದ ಕಡೆ ಬಾಯಿಗೆ ಬಂದ ಮಾತೇ ಸಾಕ್ಷ್ಯ. ಬಾಯಿ ಯಾರದು ದೊಡ್ಡದೋ ಅವರದೇ ಗೆಲುವು.

ಕಾಯದೆಯಲ್ಲಿ ದಾರಿ ಇಲ್ಲವೆ? ಧಾರಾಳವಾಗಿದೆ. 1919ರ ಮದರಾಸು ನಗರಾಡಳಿತ ಶಾಸನದಲ್ಲಿಯೇ ಅಪಾಯದ ಮರದ ಮಾತು ಇತ್ತು. ಮರವಾಗಲಿ, ಕೊಂಬೆಯಾಗಲಿ, ಕಡೆಗೆ ಮರದ ಕಾಯಿಯಾಗಲಿ ಬಿದ್ದು ಜನರಿಗೆ ಅಪಾಯವಾಗುವಂತಿದ್ದರೆ, ಅದನ್ನು ಭದ್ರಪಡಿಸು, ಸವರು, ಇಲ್ಲವೆ ಕಡಿ ಎಂದು ಒಡೆಯನಿಗೆ ನೊಟೀಸು ಕೊಡುವ ಅಧಿಕಾರ ಕಮಿಷನರಿಗಿತ್ತು. ಹೊತ್ತು ಮೀರುವಂತಿದ್ದರೆ ತಾವೇ ಆ ಕೆಲಸ ಮಾಡಿಸಬೇಕಾಗಿತ್ತು. ಆ ಹಳೆಯ ಶಾಸನದ ಜಾಗಕ್ಕೆ ತಮಿಳುನಾಡಿನ ನಗರ ಸ್ಥಳೀಯ ಸಂಸ್ಥೆಗಳ ಶಾಸನ 2023ರಲ್ಲಿ ಬಂದಿದೆ. ಅದಲ್ಲದೆ, ಬೀಳುವಂತಿರುವ ಮರವನ್ನು ತೆಗೆಸುವುದಕ್ಕೆ ಅಥವಾ ಆಧಾರ ಕೊಡಿಸುವುದಕ್ಕೆ ಕಾರ್ಯಪಾಲಕ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣವೂ ಅದನ್ನೇ ಹೇಳುತ್ತದೆ. ಅಧಿಕಾರವೇನೋ ನೂರು ವರ್ಷಗಳಿಂದ ಪುಸ್ತಕದಲ್ಲಿ ಕೂತಿದೆ. ಮರದ ಬಳಿಗೆ ಅದು ನಡೆದು ಬರುವುದು ಮಾತ್ರ ಅಪರೂಪ.

ಇನ್ನು ಸತ್ತವನ ಸಂಸಾರಕ್ಕೆ ನಷ್ಟ ಕಟ್ಟಿಕೊಡುವ ಮಾತು. ಇದರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ಮೊದಲನೆಯದು ರಾಜಕೋಟೆಯದು. 1975ರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರ ಮೇಲೆ ಬದಿಯ ಮರ ಉರುಳಿಬಿದ್ದು ಅವರು ತೀರಿಕೊಂಡರು. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಅವರ ಪತ್ನಿಯ ಪಕ್ಷಕ್ಕೆ ಹೇಳಿದುವು. ಆದರೆ 1997ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಆರೋಗ್ಯವಾಗಿ ಕಾಣುವ ಒಂದೊಂದು ಮರವನ್ನೂ ಸದಾ ಪರೀಕ್ಷಿಸುತ್ತಲೇ ಇರಬೇಕೆಂಬ ಹೊಣೆಯನ್ನು ಪುರಸಭೆಯ ಮೇಲೆ ಹೊರಿಸಲಾಗದು ಎಂಬುದು ಅದರ ಸಾರ.

ಎರಡನೆಯದು ದೆಹಲಿಯದು. 1964ರ ಆಗಸ್ಟಿನಲ್ಲಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬರ ತಲೆಯ ಮೇಲೆ ರಸ್ತೆಯ ಮರದ ಕೊಂಬೆ ಮುರಿದುಬಿದ್ದು ಮರುದಿನ ಅವರು ಕಣ್ಣುಮುಚ್ಚಿದರು. ಮರ ಒಣಗಿ ನಿಂತಿದ್ದುದು ಸಾಕ್ಷ್ಯದಲ್ಲಿ ಹೊರಬಿದ್ದಿತು. 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಕಾರ್ಪೊರೇಷನ್ನೇ ಹೊಣೆಯೆಂದು ತೀರ್ಮಾನಿಸಿತು. ಮರದ ದೋಷ ಒಡೆಯನಿಗೆ ತಿಳಿದಿದ್ದರೆ, ಅಥವಾ ಅವನು ಅದನ್ನು ತಿಳಿದಿರಬೇಕಾಗಿದ್ದರೆ, ಅದು ಬಿದ್ದು ಆದ ಹಾನಿಗೆ ಅವನೇ ಬಾಧ್ಯನೆಂಬ ತತ್ತ್ವ ಅಲ್ಲಿ ಸ್ಥಿರವಾಯಿತು. ನ್ಯಾಯ ದೊರೆಯಿತು, ನಿಜ. ಆದರೆ ಲೆಕ್ಕ ಹಾಕಿ ನೋಡಿ: 1964ರಿಂದ 1999. ಮೂವತ್ತೈದು ವರ್ಷ! ಆ ಹೊತ್ತಿಗೆ ಒಂದು ಹೊಂಗೆಯ ಸಸಿ ಮರವಾಗಿ, ಮುಪ್ಪಾಗಿ, ತಾನೇ ಬೀಳುವ ಸ್ಥಿತಿಗೆ ಬಂದೀತು.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಎಲ್ಲವೂ "ತಿಳಿದಿತ್ತೆ?" ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ತಿಳಿದಿದ್ದವನು ಹೊಣೆಗಾರ, ತಿಳಿಯದಿದ್ದವನು, ತಿಳಿಯುವ ಕಾರಣವೂ ಇಲ್ಲದಿದ್ದವನು ಪಾರು. ಸರಿಯಾದ ತತ್ತ್ವವೇ. ಆದರೆ ಇದು ನಮ್ಮ ಕಚೇರಿಗಳ ಕೈಗೆ ಬಂದಾಗ ಏನಾಗುತ್ತದೆ ನೋಡಿ. ತಿಳಿದರೆ ಹೊಣೆ ಬರುತ್ತದೆಯೆ? ಹಾಗಾದರೆ ತಿಳಿಯದೆ ಇರುವುದೇ ಲೇಸು! ಮರವನ್ನು ನೋಡಿ ಬರೆದಿಟ್ಟವನು ನಾಳೆ ಕೋರ್ಟಿನಲ್ಲಿ ಸಿಕ್ಕಿಬೀಳುತ್ತಾನೆ. ನೋಡದವನು, ನೋಡಿಯೂ ಬರೆಯದವನು ಸುಖವಾಗಿ ಪಿಂಚಣಿ ತೆಗೆದುಕೊಳ್ಳುತ್ತಾನೆ. ಶ್ರದ್ಧೆಗೆ ಶಿಕ್ಷೆ, ಅಲಕ್ಷ್ಯಕ್ಕೆ ಬಹುಮಾನ. ಇದು ಒಬ್ಬಿಬ್ಬ ಅಧಿಕಾರಿಯ ಕೆಟ್ಟತನವಲ್ಲ. ಇಡೀ ಏರ್ಪಾಡೇ ಅವರಿಗೆ ಕಣ್ಣುಮುಚ್ಚಿಕೊಂಡಿರಲು ಕಲಿಸುತ್ತಿದೆ. ಈ ಏರ್ಪಾಡನ್ನೇ ನಾವು ಖಂಡಿಸುತ್ತೇವೆ.

"ದೈವಾಧೀನ" ಎಂಬ ವಾದಕ್ಕೂ ಇಲ್ಲಿಯೇ ಉತ್ತರ ಹೇಳಿಬಿಡೋಣ. ನಮ್ಮ ನೆರೆಯ ದಕ್ಷಿಣ ಆರ್ಕಾಟು ಜಿಲ್ಲೆಯಲ್ಲಿ ಮಳೆಯ ನೆರೆಗೆ ಹೆದ್ದಾರಿಯ ಮೋರಿ ಕುಸಿದು ಬಸ್ಸು ಬಿದ್ದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಳೆ ಜೋರಾಗಿತ್ತು ಎಂದ ಮಾತ್ರಕ್ಕೆ ಹೆದ್ದಾರಿ ಇಲಾಖೆ ಕೈತೊಳೆದುಕೊಳ್ಳುವಂತಿಲ್ಲ, ಮಳೆ ಬರುವುದನ್ನು ಮುಂಗಂಡು ತಕ್ಕ ಎಚ್ಚರ ವಹಿಸಿದ್ದೆನೆಂದು ಅದು ತೋರಿಸಬೇಕು ಎಂದು 1987ರಲ್ಲಿ ಆ ನ್ಯಾಯಾಲಯ ಹೇಳಿತು. ಮೋರಿಗೆ ಸಲ್ಲುವ ನ್ಯಾಯ ಮರಕ್ಕೇಕೆ ಸಲ್ಲದು? ಐಪ್ಪಸಿ ಕಾರ್ತಿಕ ಬಂದರೆ ಈ ಊರಿಗೆ ಮಳೆ ಗಾಳಿ ಬರುತ್ತದೆಂಬುದು ಎಳೆಯ ಮಗುವಿಗೂ ಗೊತ್ತು. ವರ್ಷವರ್ಷವೂ ಬರುವ ಅತಿಥಿಯನ್ನು "ಅನಿರೀಕ್ಷಿತ" ಎಂದು ಕರೆಯುವುದು ದೇವರಿಗೂ ಅಪಚಾರ, ಬುದ್ಧಿಗೂ ಅಪಚಾರ.

ಇಷ್ಟು ಹೇಳಿದ ಕೂಡಲೆ ಇನ್ನೊಂದು ಕೋಟೆ ಎದ್ದುನಿಲ್ಲುತ್ತದೆ. "ಮರ ಅಪಾಯಕರವೊ ಅಲ್ಲವೊ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ, ನಾವೇನು ಮಾಡೋಣ?" ಎನ್ನುತ್ತಾರೆ. ತಜ್ಞರಲ್ಲಿ ಭಿನ್ನಾಭಿಪ್ರಾಯ ಇರುವುದು ಸತ್ಯ. ಅದನ್ನು ಮರೆಮಾಚುವುದು ಸರಿಯಲ್ಲ. ಅದು ಎಂಥದೆಂದು ನೋಡೋಣ.

ಟೊಳ್ಳು ಮರದ ಸಂಗತಿಯನ್ನೇ ತೆಗೆದುಕೊಳ್ಳಿ. ಕಾಂಡದಲ್ಲಿ ಪೊಟರೆ ಕಂಡ ಕೂಡಲೆ ಕಡಿಯಿರಿ ಎನ್ನುವವರಿದ್ದಾರೆ. ಆದರೆ ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಯಲ್ಲವೆ? ಮೂಟೆ ಹೊತ್ತರೂ ಅದು ಮುರಿಯುವುದಿಲ್ಲ. ಒಳಗೆ ಎಷ್ಟು ಪೊಳ್ಳಾಗಿದೆ ಎಂಬುದಕ್ಕಿಂತ ಸುತ್ತಲೂ ಎಷ್ಟು ಗಟ್ಟಿಮರ ಉಳಿದಿದೆ ಎಂಬುದೇ ಮುಖ್ಯ. ಜರ್ಮನಿಯ ಕ್ಲಾಸ್ ಮಾಟೆಕ್ ಎಂಬ ವಿಜ್ಞಾನಿ ಬಿದ್ದ ಮತ್ತು ನಿಂತ ಅನೇಕ ಮರಗಳನ್ನು ಅಳೆದು, ಉಳಿದ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಹತ್ತರಲ್ಲಿ ಮೂರು ಪಾಲಿಗಿಂತ ಕಡಿಮೆಯಾದರೆ ಅಪಾಯ ಹೆಚ್ಚೆಂದು ಹೇಳಿದರು. ಅದು ಎಲ್ಲ ಮರಕ್ಕೂ ಹೊಂದದು, ಗಿಡ್ಡಾದ ದಪ್ಪ ಮರ ಅದಕ್ಕಿಂತ ತೆಳುವಾದ ಗೋಡೆಯಿಂದಲೂ ನಿಂತೀತು ಎಂದು ಬೇರೆಯವರು ವಾದಿಸಿದರು. ಅದೇ ದೇಶದ ಲೋಥರ್ ವೆಸೊಲಿ ಮತ್ತು ಅವರ ಪಕ್ಷದವರು, ಮರಕ್ಕೆ ಹಗ್ಗ ಕಟ್ಟಿ ರಾಟೆಯಿಂದ ಮೆಲ್ಲಗೆ ಎಳೆದು, ಬುಡ ಎಷ್ಟು ಜಗ್ಗುತ್ತದೆ ಎಂದು ಅಳೆದೇ ತೀರ್ಮಾನಿಸಬೇಕೆಂದರು. ಶಬ್ದದ ಅಲೆಗಳನ್ನು ಹಾಯಿಸಿ ಒಳಗಿನ ಕೊಳೆತವನ್ನು ಚಿತ್ರಿಸುವ ಯಂತ್ರವಿದೆ. ಆದರೆ ಒಂದು ಬಿರುಕಿದ್ದರೂ ಅದು ದೊಡ್ಡ ಪೊಳ್ಳಿನಂತೆ ತೋರಿಸೀತು. ಸಣ್ಣ ಬೈರಿಗೆ ಕೊರೆದು ನೋಡುವ ಯಂತ್ರವಿದೆ. ಅದು ಕೊರೆದ ಗೆರೆಯ ಸಂಗತಿಯನ್ನಷ್ಟೇ ಹೇಳುತ್ತದೆ. ಮೇಲಾಗಿ, ಮರ ಗಾಯವನ್ನು ಮಾಯಿಸುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ಅಮೆರಿಕದ ಅಲೆಕ್ಸ್ ಷೈಗೊ ತೋರಿಸಿದ ಮೇಲೆ, ಹಾಗೆ ಕೊರೆಯುವುದೇ ಆ ಗೋಡೆಯನ್ನು ಒಡೆಯುತ್ತದೆಂದು ಆಕ್ಷೇಪಿಸುವವರೂ ಇದ್ದಾರೆ. ಪೊಟರೆಗೆ ಸಿಮೆಂಟು ತುಂಬಿ ಉಪಕಾರ ಮಾಡಿದೆವೆಂದು ತಿಳಿದಿದ್ದ ಹಳಬರ ಕ್ರಮವೂ ಅವರಿಂದಲೇ ಹಿಂದೆ ಬಿದ್ದಿತು.

ವರ್ಧಾ ಬಂದುಹೋದ ಮೇಲೆ ನಮ್ಮಲ್ಲಿಯೂ ಇಂಥದೇ ಚರ್ಚೆ ನಡೆಯಿತು. ಗುಲ್‌ಮೊಹರ್, ತೂಂಗುಮೂಂಜಿ ಮೊದಲಾದ ಹೊರನಾಡಿನ ಮರಗಳೇ ಹೆಚ್ಚು ಬಿದ್ದುವು, ಬೇವು ಹೊಂಗೆ ನೆಟ್ಟಿದ್ದರೆ ನಿಲ್ಲುತ್ತಿದ್ದುವು ಎಂದರು ಕೆಲವರು. ಬೇರಿಗೆ ಮೂರಡಿ ಜಾಗವನ್ನೂ ಬಿಡದೆ ಕೊರಳಿನವರೆಗೆ ಕಾಂಕ್ರೀಟು ಸುರಿದರೆ ಬೇವೂ ಬೀಳುತ್ತದೆ, ಜಾತಿಯ ದೂಷಣೆ ಬೇಡ ಎಂದರು ಮತ್ತೆ ಕೆಲವರು. ಮರದ ಬೇರಿನ ಬಹುಪಾಲು ನೆಲದ ಮೇಲಿನ ಮೂರಡಿಯೊಳಗೇ ಅಡ್ಡಡ್ಡ ಹರಡಿರುತ್ತದೆಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಚರಂಡಿ, ಕೇಬಲ್ಲು, ಪೈಪು ಎಲ್ಲವೂ ಹೋಗುವುದು ಆ ಮೂರಡಿಯಲ್ಲೇ. ಒಂದು ಕಡೆಯ ಬೇರು ಕತ್ತರಿಸಿ, ಅದೇ ಮರದ ಇನ್ನೊಂದು ಕಡೆಯ ಕೊಂಬೆಗಳನ್ನು ತಂತಿಗಾಗಿ ಸವರಿದರೆ, ಒಂದೇ ಕಾಲಿನ ಮೇಲೆ ನಿಂತವನ ತಲೆಯ ಮೇಲೆ ಒಂದೇ ಪಕ್ಕಕ್ಕೆ ಮೂಟೆ ಹೊರಿಸಿದಂತೆ. ಇದನ್ನು ತಿಳಿಯಲು ಜರ್ಮನಿಗೆ ಹೋಗಬೇಕೆ?

ಆದ್ದರಿಂದ ನಾವು ಹೇಳುವುದಿಷ್ಟೆ: ತಜ್ಞರ ಜಗಳ ಮರದ ಒಳಗಿನ ಸೂಕ್ಷ್ಮವನ್ನು ಕುರಿತದ್ದು. ಹೊರಗೆ ಕಣ್ಣಿಗೆ ಕಾಣುವುದರಲ್ಲಿ ಜಗಳವಿಲ್ಲ. ಹೊಸದಾಗಿ ವಾಲಿದ ಕಾಂಡ, ಬುಡದ ಸುತ್ತ ಬಿರಿದ ನೆಲ, ಬುಡದಲ್ಲಿ ಎದ್ದ ಅಣಬೆ, ಒಣಗಿದ ತಲೆ, ಸೀಳಿದ ಕವಲು, ಕತ್ತರಿಸಿದ ಬೇರು ಇವು ಯಾವ ಯಂತ್ರವೂ ಇಲ್ಲದೆ ಕಾಣುತ್ತವೆ. ಆಂಗ್ಲ ನ್ಯಾಯಾಲಯಗಳು ಈ ಗೆರೆಯನ್ನು ಚೆನ್ನಾಗಿ ಎಳೆದಿವೆ. ಲಂಡನಿನಲ್ಲಿ 1947ರಲ್ಲಿ ಕಾರಿನ ಮೇಲೆ ಬಿದ್ದ ಎಲ್ಮ್ ಮರದ ಬೇರು ಕೊಳೆತಿತ್ತು, ಹೊರಗೆ ಗುರುತೊಂದೂ ಇರಲಿಲ್ಲ. 1950ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಡೆಯರನ್ನು ಬಿಟ್ಟಿತು. 1965ರ ಇನ್ನೊಂದು ಮೊಕದ್ದಮೆಯಲ್ಲಿ ಹಳೆಯ ಬೀಚ್ ಮರದ ಎಲೆ ತೆಳ್ಳಗಾಗಿ ತಲೆ ಕ್ಷೀಣಿಸುತ್ತಿದ್ದುದು ಕಾಣುವಂತಿತ್ತು. ನುರಿತ ಸಿಬ್ಬಂದಿಯಿದ್ದ ನ್ಯಾಷನಲ್ ಟ್ರಸ್ಟ್ ಅದನ್ನು ಕಂಡು ತೆಗೆಸಬೇಕಾಗಿತ್ತೆಂದು ಕೋರ್ಟು ಅದನ್ನೇ ಹೊಣೆ ಮಾಡಿತು. ಕಾಣದುದಕ್ಕೆ ಕ್ಷಮೆ ಇದೆ. ಕಂಡೂ ಸುಮ್ಮನಿದ್ದುದಕ್ಕೆ, ಕಾಣಬೇಕಾದ್ದನ್ನು ನೋಡದಿದ್ದುದಕ್ಕೆ ಕ್ಷಮೆ ಇಲ್ಲ.

ನಮ್ಮ ಕಾರ್ಖಾನೆಗಳ ಬಾಯ್ಲರನ್ನು ನೆನೆಯಿರಿ. 1923ರ ಬಾಯ್ಲರು ಶಾಸನದ ಕಾಲದಿಂದಲೂ ಇನ್‌ಸ್ಪೆಕ್ಟರು ಬಂದು ನೋಡಿ, ಪ್ರಮಾಣಪತ್ರ ಕೊಟ್ಟ ಹೊರತು ಉಗಿ ಎಬ್ಬಿಸುವಂತಿಲ್ಲ. ತಗಡಿನಲ್ಲೊಂದು ಗೆರೆ ಕಂಡರೆ ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬನು ಬಿರುಕೆಂದಾನು, ಇನ್ನೊಬ್ಬನು ಬರೀ ಗೀರೆಂದಾನು. ಹಾಗೆಂದು "ತಜ್ಞರಲ್ಲಿ ಒಮ್ಮತವಿಲ್ಲ, ಬೆಂಕಿ ಹಾಕಿ" ಎನ್ನುತ್ತಾರೆಯೆ? ಒಮ್ಮತವಿಲ್ಲದಿದ್ದರೆ ಬೆಂಕಿ ಆರಿಸುತ್ತಾರೆ, ಜನರನ್ನು ದೂರ ನಿಲ್ಲಿಸುತ್ತಾರೆ, ಮೂರನೆಯವನನ್ನು ಕರೆಸುತ್ತಾರೆ, ಕಡೆಗೆ ಒಬ್ಬನು ತೀರ್ಮಾನಿಸಿ ಸಹಿ ಹಾಕುತ್ತಾನೆ. ಭಿನ್ನಾಭಿಪ್ರಾಯ ಎಂಬುದು ಎಚ್ಚರಿಕೆಯ ಗಂಟೆ. ಮರದ ವಿಷಯದಲ್ಲಿ ಮಾತ್ರ ಅದು ನಿದ್ದೆಯ ಜೋಗುಳವಾದದ್ದು ಹೇಗೆ?

ಇಲ್ಲಿ ಇನ್ನೊಂದು ಕಡೆಯ ಅಪಾಯವನ್ನೂ ಹೇಳದಿದ್ದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ಹೊಣೆ ಹೊರಿಸುತ್ತಾರೆಂದು ಹೆದರಿ ಎಲ್ಲ ಮರಗಳನ್ನೂ ಕಡಿದುಹಾಕಿದರೆ? ಮನೆ ಕಟ್ಟುವ ಸಾಹುಕಾರನಿಗೆ ನಿವೇಶನದ ಮರ ಯಾವಾಗಲೂ "ಅಪಾಯಕರ"ವೇ. ಅಂಗಡಿಯ ಹಲಗೆಗೆ ಅಡ್ಡ ಬಂದ ಮರವೂ ರಾತ್ರೋರಾತ್ರಿ "ಅಪಾಯಕರ"ವಾಗುತ್ತದೆ. ಅಂಥವರಿಗೆ ನಮ್ಮ ಮಾತು ಆಯುಧವಾಗಕೂಡದು. ಅಡಯಾರಿನ ಥಿಯಾಸಫಿಕಲ್ ಸೊಸೈಟಿಯ ಮಹಾ ಆಲದ ಮುಖ್ಯ ಕಾಂಡ 1989ರ ಬಿರುಗಾಳಿಗೆ ಉರುಳಿತು. ಆದರೂ ಅವರು ಆ ಮರವನ್ನು ಸೌದೆಗೆ ಹಾಕಲಿಲ್ಲ. ಬಿಳಲುಗಳ ಮೇಲೆ ಅದು ಇಂದಿಗೂ ಬದುಕಿದೆ. ವಾಲಿದ್ದೆಲ್ಲ ಕಡಿಯತಕ್ಕದ್ದಲ್ಲ. ಕೊಂಬೆಯ ಭಾರ ಇಳಿಸಬಹುದು, ಊರುಗೋಲು ಕೊಡಬಹುದು, ಕೆಳಗಿನ ಸ್ಟ್ಯಾಂಡನ್ನು ಹತ್ತು ಗಜ ಸರಿಸಬಹುದು. ಕಡಿಯುವುದು ಕೊನೆಯ ಮಾತು. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರು ಕಾಂಕ್ರೀಟನ್ನು ಒಡೆದು ತೆಗೆಯಬೇಕೆಂದು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞಾಪಿಸಿತು. ಅದು ಮರಕ್ಕೂ ಒಳ್ಳೆಯದು, ಮರದ ಕೆಳಗಿನವನಿಗೂ ಒಳ್ಳೆಯದು.

ಕಡಿಯಲು ಅನುಮತಿ ನಿರಾಕರಿಸಿದಾಗ ಹೊಣೆ ಯಾರದು? 2017ರ ಜುಲೈಯಲ್ಲಿ ಮುಂಬಯಿಯ ಚೆಂಬೂರಿನಲ್ಲಿ ಬೆಳಗಿನ ಹೊತ್ತು ನಡೆದುಹೋಗುತ್ತಿದ್ದ ಮಹಿಳೆಯ ಮೇಲೆ ತೆಂಗಿನ ಮರ ಬಿದ್ದು ಅವರು ತೀರಿಕೊಂಡರು. ಆ ಮರವನ್ನು ತೆಗೆಯಲು ಅಲ್ಲಿನ ನಿವಾಸಿಗಳು ಮೊದಲೇ ಅರ್ಜಿ ಹಾಕಿದ್ದರೆಂದೂ, ಮರ ಸರಿಯಾಗಿದೆ ಎಂದು ನಗರಪಾಲಿಕೆ ನಿರಾಕರಿಸಿತ್ತೆಂದೂ ಆಗ ಪತ್ರಿಕೆಗಳು ವರದಿ ಮಾಡಿದುವು. ಒಡೆಯನು ಅಪಾಯವೆನ್ನುತ್ತಾನೆ, ಅಧಿಕಾರಿ ಅಪಾಯವಿಲ್ಲವೆನ್ನುತ್ತಾನೆ. ಅಧಿಕಾರಿಯ ಮಾತೇ ಸರಿಯಿದ್ದೀತು; ಬೇಡವೆನ್ನುವ ಅಧಿಕಾರವೂ ಅವನಿಗಿರಲಿ. ಆದರೆ ಏಕೆ ಬೇಡ ಎಂಬುದನ್ನು ಬರೆದು ಸಹಿ ಹಾಕಲಿ. ಬೇಡವೆಂದವನ ಹೆಗಲಿಗೇ ಆ ಮರದ ಭಾರ ವರ್ಗವಾಗತಕ್ಕದ್ದು.

ನಮ್ಮ ಕನ್ನಡನಾಡಿನಲ್ಲಿ 1976ರ ಮರಗಳ ಸಂರಕ್ಷಣಾ ಶಾಸನ "ವೃಕ್ಷಾಧಿಕಾರಿ" ಎಂಬ ಒಂದು ಹುದ್ದೆಯನ್ನು ಹೆಸರಿಟ್ಟು ಕರೆಯಿತು. ಬೆಂಗಳೂರಿನಲ್ಲಿ ಮರ ಬೀಳುವುದು ನಿಂತಿದೆ ಎಂದು ನಾವು ಹೇಳುವುದಿಲ್ಲ. ಅಲ್ಲಿಯೂ ಜನ ಸತ್ತಿದ್ದಾರೆ. ಆದರೆ ಕೇಳುವುದಕ್ಕೆ ಒಂದು ಕುರ್ಚಿಯಾದರೂ ಇದೆ. ಚೆನ್ನೈಯಲ್ಲಿ ಸರಕಾರಿ ನೆಲದ ಮರ ಕಡಿಯಲು ಜಿಲ್ಲಾ ಹಸಿರು ಸಮಿತಿಯ ಒಪ್ಪಿಗೆ ಕೇಳುವ ಕ್ರಮವಿದೆ. ಸಮಿತಿ ಒಳ್ಳೆಯದೇ. ಆದರೆ ಸಮಿತಿಯ ನಿರ್ಣಯವನ್ನು ಯಾರೂ ಮಾಡಿದ್ದಲ್ಲ, ಎಲ್ಲರೂ ಮಾಡಿದ್ದು. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲವೆಂಬ ಗಾದೆ ನಮಗೆ ಗೊತ್ತು. ಆದುದರಿಂದ ನಮ್ಮ ಬೇಡಿಕೆಗಳನ್ನು ಬಿಚ್ಚಿ ಹೇಳುತ್ತೇವೆ.

ಒಂದು: ಜನ ಓಡಾಡುವ ರಸ್ತೆಯ ಪ್ರತಿಯೊಂದು ದೊಡ್ಡ ಮರವನ್ನೂ ವರ್ಷಕ್ಕೊಮ್ಮೆ, ಈಶಾನ್ಯ ಮಾರುತಕ್ಕೆ ಮುಂಚೆ, ಮರ ಬಲ್ಲವನೊಬ್ಬನು ನೋಡಿ ವಾರ್ಡಿನ ಪುಸ್ತಕದಲ್ಲಿ ಬರೆಯಬೇಕು. ಹೆಸರು, ತಾರೀಖು, ಸಹಿ ಮೂರೂ ಇರಬೇಕು. ಪುಸ್ತಕ ಯಾರು ಕೇಳಿದರೂ ತೋರಿಸುವಂತಿರಬೇಕು.

ಎರಡು: ಮರದ ಬಳಿ ಚರಂಡಿ, ಕೇಬಲ್ಲು, ಪೈಪಿಗಾಗಿ ಅಗೆಯುವ ಮುನ್ನ ಇನ್ನೊಂದು ಪರೀಕ್ಷೆ ಆಗಬೇಕು. ಕತ್ತರಿಸಿದ ಬೇರಿನ ಲೆಕ್ಕ ಕಂಟ್ರಾಕ್ಟರ ಬಿಲ್ಲಿನ ಜೊತೆಗೇ ಬರಬೇಕು. ಲೆಕ್ಕವಿಲ್ಲದ ಬಿಲ್ಲಿಗೆ ಹಣವಿಲ್ಲ.

ಮೂರು: ತಜ್ಞರು ಒಪ್ಪದಿದ್ದರೆ ಇಬ್ಬರ ಅಭಿಪ್ರಾಯವೂ ದಾಖಲಾಗಬೇಕು. ಹದಿನೈದು ದಿನಗಳೊಳಗೆ ಮೂರನೆಯವನು ತೀರ್ಮಾನಿಸಬೇಕು. ಅಲ್ಲಿಯವರೆಗೆ ಮರದ ಕೆಳಗಿನ ಜಾಗಕ್ಕೆ ತಡೆ ಕಟ್ಟಬೇಕು. ಅಲ್ಲಿ ವ್ಯಾಪಾರ ಮಾಡುವವರಿಗೆ ಹತ್ತಿರದಲ್ಲೇ ಬೇರೆ ಜಾಗ ತೋರಿಸಬೇಕು.

ನಾಲ್ಕು: ಪ್ರಾಮಾಣಿಕವಾಗಿ ನೋಡಿ ಬರೆದವನನ್ನು, ಅವನ ತೀರ್ಮಾನ ಮುಂದೆ ತಪ್ಪೆಂದು ಕಂಡರೂ, ಶಿಕ್ಷಿಸಕೂಡದು. ನೋಡಬೇಕಾಗಿದ್ದೂ ನೋಡದವನನ್ನು ಬಿಡಕೂಡದು. ಇದೊಂದು ನಿಯಮ ಬಂದರೆ ಕಚೇರಿಯ ಕಣ್ಣು ತಾನಾಗಿ ತೆರೆಯುತ್ತದೆ.

ಐದು: ಮರ ಹತ್ತಿ ಕೊಂಬೆ ಸವರುವ ಕಂಟ್ರಾಕ್ಟು ಕೂಲಿಗೆ ಶಿರಸ್ತ್ರಾಣ, ಸೊಂಟಪಟ್ಟಿ, ವಿಮೆ, ತರಬೇತಿ ಇಲ್ಲದೆ ಹತ್ತಿಸಕೂಡದು. ಬೀಳುವ ಮರಕ್ಕೆ ಮೊದಲ ಬಲಿ ಅವನೇ ಆಗುವುದನ್ನು ನಾವು ಸಹಿಸೆವು.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿಗೆ ಒಂದೇ ಉತ್ತರ. ಒಂದು ಪುಸ್ತಕ, ಒಂದು ಪೆನ್ನು, ನಡೆಯುವ ಎರಡು ಕಾಲು, ನೋಡುವ ಎರಡು ಕಣ್ಣು: ಮೊದಲ ಸುತ್ತಿಗೆ ಇಷ್ಟು ಸಾಕು. ಯಂತ್ರ ಬೇಕಾಗುವುದು ನೂರರಲ್ಲಿ ಕೆಲವೇ ಮರಗಳಿಗೆ.

ಬಂಧುಗಳೆ, ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವುದು ಬೇಡ. ನೀವು ನಿಲ್ಲುವ, ಮಲಗುವ, ವ್ಯಾಪಾರ ಮಾಡುವ ಮರವನ್ನು ನೀವೇ ನೋಡಿ. ಮೇಲೆ ಹೇಳಿದ ಲಕ್ಷಣಗಳು ಕಂಡರೆ 1913ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದುಕೊಳ್ಳಿ. ಅಷ್ಟಕ್ಕೇ ಬಿಡದೆ ವಾರ್ಡು ಕಚೇರಿಗೆ ಬರೆಹದಲ್ಲಿ ಅರ್ಜಿ ಕೊಟ್ಟು, ಫೋಟೋ ಲಗತ್ತಿಸಿ, ತಾರೀಖು ಹಾಕಿದ ರಸೀದಿ ಪಡೆಯಿರಿ. ತಮಿಳಿನಲ್ಲಿ ಬರೆಯಲು ಬಾರದವರು ಸಂಘದ ಕಚೇರಿಗೆ ಬಂದರೆ ಬರೆದುಕೊಡುತ್ತೇವೆ. ಆ ರಸೀದಿಯ ಬೆಲೆ ತಿಳಿದಿರಲಿ: ಅದು ಕೈಗೆ ಬಂದ ದಿನದಿಂದ "ನಮಗೆ ತಿಳಿದಿರಲಿಲ್ಲ" ಎಂಬ ಮಾತು ಅವರ ಬಾಯಿಂದ ಹೊರಡದು. ಮರುಮಾತು ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಶಾಸನದಡಿ ಪರೀಕ್ಷೆಯ ದಾಖಲೆ ಕೇಳಿ.

ಇನ್ನೂ ಒಂದು ಮಾತು. ಕೆಲಸಕ್ಕೆ ಹೋಗುವ ಅಥವಾ ಕೆಲಸದಿಂದ ಹಿಂತಿರುಗುವ ದಾರಿಯಲ್ಲಿ ಅಪಘಾತವಾದರೆ ಪರಿಹಾರವಿಲ್ಲವೆಂದು ಧಣಿಗಳು ಹೇಳುವುದುಂಟು. ಹೊತ್ತು, ಸ್ಥಳ, ಸಂದರ್ಭ ಇವುಗಳಿಗೂ ಕೆಲಸಕ್ಕೂ ನಂಟಿದ್ದರೆ ಆ ಅಪಘಾತವೂ ಕೆಲಸದ ಅಪಘಾತವೇ ಎಂದು 1923ರ ಪರಿಹಾರ ಶಾಸನದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2025ರ ಜುಲೈಯಲ್ಲಿ ಹೇಳಿದೆ. ಆ ಶಾಸನದ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರಿನಲ್ಲಿ ಬಂದಿದೆ. ದಾರಿಯಲ್ಲಿ ಮರ ಬಿದ್ದು ಗಾಯಗೊಂಡವರು, ಸತ್ತವರ ಮನೆಯವರು ಧಣಿಯ ಮಾತು ನಂಬಿ ಸುಮ್ಮನೆ ಕೂರದೆ ಸಂಘಕ್ಕೆ ತಿಳಿಸತಕ್ಕದ್ದು.

ಮರ ಮೂಕಪ್ರಾಣಿ. ವಾಲಿ, ಬಿರಿದು, ಒಣಗಿ, ಅಣಬೆ ಎಬ್ಬಿಸಿ ಅದು ತನ್ನ ಕಷ್ಟವನ್ನು ತಿಂಗಳುಗಟ್ಟಲೆ ಹೇಳಿಕೊಳ್ಳುತ್ತದೆ. ಕೇಳಿಸಿಕೊಳ್ಳುವುದಕ್ಕೆ ಸಂಬಳ ತೆಗೆದುಕೊಳ್ಳುವವರು ಕೇಳಿಸಿಕೊಂಡೆವೆಂದು ಬರೆದು ಸಹಿ ಹಾಕಲಿ. ನಾವು ಕೇಳುತ್ತಿರುವುದು ಯಾರ ತಲೆಯನ್ನೂ ಅಲ್ಲ, ಒಂದು ಸಹಿಯನ್ನು. ಈ ಮಳೆಗಾಲಕ್ಕೆ ಮುಂಚೆ ಅದು ಬರಲಿ.